ಚಳಿಗೆ ಶ್ರುತಿ ಇಳಿಸಿದ ಹರಳು

ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಗೆರೆಗಳಿರಲಿಲ್ಲ. ಹುಣಸೆಬೀಜದಷ್ಟು ಜಾಗ ಬೆಳ್ಳಗೆ, ನುಣ್ಣಗೆ, ಸತ್ತ ಚರ್ಮ. ಸ್ಟೀಲಿನ ಲೋಟದಲ್ಲಿ ಬಿಸಿಬಿಸಿ ಚಾ ಬಂದರೆ ನಾವೆಲ್ಲ ಶಾಲಿನ ತುದಿ ಹುಡುಕುತ್ತಿದ್ದಾಗ ಅವರು ಆ ಬೆರಳನ್ನು ಮುಂದೆ ಮಾಡಿ ಲೋಟ ಹಿಡಿದು ಕುಡಿದು ಮುಗಿಸುತ್ತಿದ್ದರು. ಆಧಾರ್ ಮಾಡಿಸಲು ಹೋದಾಗ ಯಂತ್ರ ಆ ಬೆರಳನ್ನು ಒಪ್ಪಲೇ ಇಲ್ಲವಂತೆ. ಅಲ್ಲಿ ಕೂತಿದ್ದ ಹುಡುಗಿ ಒರೆಸಿ ಇಡಿ, ಒರೆಸಿ ಇಡಿ ಎಂದು ನಾಲ್ಕು ಸಲ ಹೇಳಿ ಕೊನೆಗೆ ಇವರನ್ನೇ ಅನುಮಾನದಿಂದ ನೋಡಿದಳಂತೆ. ಗ್ಯಾಸ್ ಒಲೆಯಲ್ಲಿ ಸುಟ್ಟುಕೊಂಡದ್ದಿರಬೇಕು ಎಂದು ನಾವು ಹುಡುಗಿಯರು ಮಾತಾಡಿಕೊಂಡಿದ್ದೆವು. ಅದು ಬೆಂಕಿ ಸುಟ್ಟದ್ದಲ್ಲ, ಚಳಿ ಸುಟ್ಟದ್ದು ಎಂದು ನನಗೆ ತಿಳಿದದ್ದು ಡಿಗ್ರಿಯ ಎರಡನೆಯ ವರ್ಷದಲ್ಲಿ.

ಅವರು ಪುತ್ತೂರಿನ ಕಾಲೇಜೊಂದರಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು. ಹೆಸರು ಬೇಡ. ಮೇಡಂ ಎಂದು ಕರೆಯುತ್ತಿದ್ದೆವು, ಇಲ್ಲಿಯೂ ಅದೇ ಸಾಕು. ಊರು ಸಂಪಾಜೆ, ಮನೆಮಾತು ಅರೆಭಾಷೆ. ಎಮ್ಮೆಸ್ಸಿ ಆದ ಕೂಡಲೇ ದೂರದ ಒಂದು ಸಂಶೋಧನಾಲಯಕ್ಕೆ ಹೋಗಿ, ಐದು ವರ್ಷ ಹರಳುಗಳ ಮೇಲೆ ಕೆಲಸ ಮಾಡಿ, ಪಿಎಚ್‌ಡಿ ಮುಗಿಸದೆ ವಾಪಸ್ ಬಂದವರು. ಯಾಕೆ ಮುಗಿಸಲಿಲ್ಲ ಎಂಬುದಕ್ಕೆ ಸ್ಟಾಫ್ ರೂಮಿನಲ್ಲಿ ಒಂದು ಕಥೆಯಿತ್ತು, ಪೇಟೆಯಲ್ಲಿ ಇನ್ನೊಂದು. ಯಾರೋ ಕೈಕೊಟ್ಟ ಎಂದವರಿದ್ದರು, ಮಂಡೆ ಸಮ ಇಲ್ಲದ್ದಕ್ಕೆ ಅಲ್ಲಿಂದ ಕಳಿಸಿದರು ಎಂದವರೂ ಇದ್ದರು. ನಿಜವಾದ ಕಾರಣ ಸಾಸಿವೆಗಿಂತ ಸಣ್ಣ ಒಂದು ಹರಳು. ಒತ್ತಿ ಹಿಡಿದಿದ್ದ ಆ ಹರಳನ್ನು ತಣ್ಣಗೆ ಮಾಡಿದಾಗ ಅದರೊಳಗಿನ ಒಂದು ಕಂಪನ ಬದಲಾಗಿತ್ತು. ಬದಲಾದದ್ದು ಚಳಿಯಿಂದಲೋ, ಒತ್ತಡದಿಂದಲೋ? ಈ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದೆಯೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಪುತ್ತೂರಿನಲ್ಲಿ ಪಾಠ ಮಾಡಿದರು.

ಅವರಿದ್ದದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಮದುವೆ ಕಾಗದ, ರಶೀದಿ ಪುಸ್ತಕ, ಯಕ್ಷಗಾನದ ಕರಪತ್ರ ಅಚ್ಚಾಗುತ್ತಿದ್ದವು. ಯಂತ್ರ ಓಡುವಾಗ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ಬೇರೆಯವರಾಗಿದ್ದರೆ ತಿಂಗಳೊಳಗೆ ಮನೆ ಬದಲಿಸುತ್ತಿದ್ದರು. ಇವರು ನೆಲದ ಮೇಲೆ ಒಂದು ಬಟ್ಟಲು ನೀರಿಟ್ಟು, ಅದರಲ್ಲಿ ಏಳುವ ಉಂಗುರಗಳನ್ನು ನೋಡಿ, ಕೆಳಗೆ ಯಾವ ಯಂತ್ರ ಓಡುತ್ತಿದೆ ಎಂದು ಹೇಳುತ್ತಿದ್ದರು. ಆಲಂಕಾರಿನ ಕಡೆಯವರಾದ ಪ್ರೆಸ್ಸಿನ ಯಜಮಾನರು ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಒಂದು ದಿನ ಮೇಡಂ ಕೆಳಗಿಳಿದು ಬಂದು, ದೊಡ್ಡ ಯಂತ್ರದ ಎಡಬದಿಯಲ್ಲಿ ಏನೋ ಸಡಿಲ ಆಗಿದೆ, ನೋಡಿ ಎಂದರಂತೆ. ನೋಡಿದರೆ ಬುಡದ ಬೋಲ್ಟ್ ಅರ್ಧ ಕಳಚಿಕೊಂಡಿತ್ತು. ಆಮೇಲೆ ಯಜಮಾನರು ನಗಲಿಲ್ಲ. ಮೇಡಂ ಮೆಟ್ಟಿಲು ಹತ್ತುವಾಗ ಎದುರು ಸಿಕ್ಕಿದರೆ ಎತ್ತಿ ಕಟ್ಟಿದ ಮುಂಡು ಇಳಿಸಿ ನಿಲ್ಲುತ್ತಿದ್ದರು.

ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಎರಡನೆಯದರ ಮೇಲೆ ಯಾವಾಗಲೂ ಪುಸ್ತಕ. ನಾನು ಹೋದರೆ ಪುಸ್ತಕ ಇಳಿಸಿ, ಧೂಳು ಒರೆಸಿ ಕೂರಿಸುತ್ತಿದ್ದರು. ಮತ್ತೆ ಹದಿನೈದು ದಿನ ಬಿಟ್ಟು ಹೋದರೂ ಅದೇ ಪುಸ್ತಕ, ಅಷ್ಟೇ ಧೂಳು. ನಡುವೆ ಯಾರೂ ಬಂದಿರಲಿಲ್ಲ ಎಂಬುದು ಅಷ್ಟರಿಂದಲೇ ಗೊತ್ತಾಗುತ್ತಿತ್ತು.

ಅವರ ಬಾಯಲ್ಲಿ ಸದಾ ಇದ್ದ ಒಂದು ಮಾತು, "ನೋಡಿದ್ದಾ, ಊಹೆಯಾ?" ಪ್ರಯೋಗಶಾಲೆಯಲ್ಲಿ ಮಾತ್ರ ಅಲ್ಲ. ನರಿಮೊಗರಿನ ಬಸ್ಸು ಹೋಯಿತು ಮೇಡಂ ಎಂದರೂ ಇದೇ ಪ್ರಶ್ನೆ. ನನಗೆ ಮೊದಲೇ ಮುಂಗೋಪ, ಮೈಯೆಲ್ಲ ಉರಿಯುತ್ತಿತ್ತು. ಹೋಗುವ ಹೊತ್ತು ಆಯಿತಲ್ಲ, ಹೋಗಿರಬೇಕು ಎಂದರೆ, ಹಾಗಾದರೆ ಹೋಗಿರಬೇಕು ಅಂತ ಹೇಳು, ಹೋಯಿತು ಅಂತ ಯಾಕೆ ಹೇಳುತ್ತೀ ಎನ್ನುವರು. ತರಗತಿಯಲ್ಲಿ ಕೇಳಿದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಕೊನೆಯ ಬೆಂಚಿಗೆ ಕೇಳುವ ಹಾಗೆ ಹೇಳುತ್ತಿದ್ದರು. ನಮಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಬೇರೆ ಲೆಕ್ಚರರ್‌ಗಳಿಗೆ ಎಲ್ಲ ಗೊತ್ತಿತ್ತಲ್ಲ!

ಹರಳು ಎಂದರೆ ಏನು ಎಂದು ಅವರು ಕಲಿಸಿದ್ದು ಕಾಲೇಜಿನ ಜಗಲಿಯಲ್ಲಿ. ಎಂಟು ಹುಡುಗಿಯರನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿ, ಮುಂದಿನವಳ ಭುಜದ ಮೇಲೆ ಕೈ ಚಾಚಿ ಇಡಿಸಿದರು. ಕೊನೆಯವಳನ್ನು ಸಣ್ಣಗೆ ದೂಡಿದಾಗ ಆ ಅಲುಗಾಟ ನಿಧಾನಕ್ಕೆ ಮೊದಲಿನವಳವರೆಗೆ ಹೋಯಿತು. ಆಮೇಲೆ ಒತ್ತಿ ನಿಲ್ಲಿ ಎಂದರು. ಎದೆಗೆ ಬೆನ್ನು ತಾಗುವಂತೆ ನಿಂತೆವು. ಈಗ ದೂಡಿದರೆ ಅಲುಗಾಟ ಸಣ್ಣದು, ಆದರೆ ಬೇಗಬೇಗ. ಇದು ಒತ್ತಡ ಎಂದರು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು, ಹೆಣ್ಣುಮಕ್ಕಳು ಜಗಲಿಯಲ್ಲಿ ದೂಡಾಡುವುದು ಏನಿದು ಎಂದು ಗದರಿದರು. ಮೇಡಂ ಗಂಭೀರವಾಗಿ, ಇನ್ನು ಚಳಿಯದ್ದು ಒಂದು ಬಾಕಿ ಉಂಟು ಸರ್, ಐದು ನಿಮಿಷ ಎಂದರು. ಚಳಿಯಲ್ಲಿ ಎಲ್ಲರೂ ಅಲುಗದೆ ಸುಮ್ಮನೆ ನಿಲ್ಲಬೇಕಿತ್ತು. ಪ್ರಿನ್ಸಿಪಾಲರೇ ಎದುರಿಗಿದ್ದ ಕಾರಣ ಆ ಪ್ರಯೋಗ ಬಹಳ ಚೆನ್ನಾಗಿ ಆಯಿತು.

ಎರಡನೆಯ ವರ್ಷದಲ್ಲಿ ಒಮ್ಮೆ ಧೈರ್ಯ ಮಾಡಿ ಬೆರಳಿನ ಬಗ್ಗೆ ಕೇಳಿದೆ. ಲಿಕ್ವಿಡ್ ನೈಟ್ರೋಜನ್‌ನಲ್ಲಿದ್ದ ಲೋಹವನ್ನು ಕೈಗವಸಿಲ್ಲದೆ ಮುಟ್ಟಿದ್ದು ಎಂದರು. ಅವತ್ತು ಅವರು ಎರಡು ಗಂಟೆ ಮಾತಾಡಿದರು. ಒಬ್ಬರೇ ಇರುವವರು ಮಾತಿಗೆ ತೊಡಗಿದರೆ ಹೇಗಿರುತ್ತದೆ ಎಂದು ನಾನು ಮೊದಲು ಕಂಡದ್ದು ಆಗ. ಹರಳಿನೊಳಗೆ ಕಣಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಅವುಗಳ ನಡುಕಕ್ಕೆ ಒಂದೊಂದು ಶ್ರುತಿ ಉಂಟು, ಬೆಳಕು ಹಾಯಿಸಿ ಅದನ್ನು ಕೇಳಬಹುದು ಎಂದರು. ಮದ್ದಳೆಯ ಹಗ್ಗ ಬಿಗಿದ ಹಾಗೆ, ಹರಳನ್ನು ಒತ್ತಿದರೆ ಶ್ರುತಿ ಏರುತ್ತದೆ. ತಣ್ಣಗೆ ಮಾಡಿದರೂ ಹರಳು ಕುಗ್ಗುತ್ತದೆ, ಆದ್ದರಿಂದ ಶ್ರುತಿ ಸ್ವಲ್ಪ ಏರುತ್ತದೆ, ಸ್ವರ ಶುದ್ಧವಾಗುತ್ತದೆ.

"ಆದ್ರೆ ಕೆಲವು ಹರಳು ಉಂಟು ಮಾರಾಯ್ತಿ, ಅವು ಶ್ರುತಿ ಇಳಿಸ್ತವೆ," ಎಂದರು. "ಒಳಗಿನ ಜೋಡಣೆಯೇ ಬದಲಾಗ್ಲಿಕ್ಕೆ ಹೊರಟಾಗ ಹಾಗೆ. ಅದನ್ನು ಒಮ್ಮೆ ಕಂಡವರಿಗೆ ಮತ್ತೆ ಬೇರೆ ಎಂತದೂ ರುಚಿಸುದಿಲ್ಲ."

ನೀವು ಕಂಡಿದ್ದೀರಾ ಎಂದು ಕೇಳಿದೆ. ಅವರು ಲೋಟ ತೊಳೆಯಲು ಎದ್ದು ಹೋದರು.

ನಾನು ಎಮ್ಮೆಸ್ಸಿ ಮುಗಿಸಿ ಉತ್ತರದ ಒಂದು ಊರಿಗೆ ಸಂಶೋಧನೆಗೆ ಹೊರಟೆ. ಅರ್ಜಿ ತುಂಬಿಸಿದ್ದು, ಸಂದರ್ಶನಕ್ಕೆ ತಯಾರಿ ಮಾಡಿಸಿದ್ದು ಎಲ್ಲ ಮೇಡಮ್ಮೇ. ನನ್ನ ಅಮ್ಮನಿಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. ನೀನೂ ಆ ಮೇಡಂ ಹಾಗೆ ಒಂಟಿ ಕೂರಬೇಡ ಮಗಳೇ ಎಂದಿದ್ದರು. ಅಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿ ನನ್ನ ದಿನವೆಲ್ಲ ಅಂಗೈಯಗಲದ ಒಂದು ಉಕ್ಕಿನ ಅಚ್ಚಿನ ಜೊತೆ ಕಳೆಯುತ್ತಿತ್ತು. ಅದರೊಳಗೆ ಮೊನೆಗೆ ಮೊನೆ ಕೊಟ್ಟು ಕೂರಿಸಿದ ಎರಡು ಪುಟ್ಟ ವಜ್ರಗಳು, ನಡುವೆ ಸೂಜಿಯಿಂದ ಚುಚ್ಚಿದಷ್ಟು ತೂತಿರುವ ತೆಳು ತಗಡು, ಆ ತೂತಿನಲ್ಲಿ ಹರಳಿನ ಚೂರು. ತಿರುಪು ಬಿಗಿದಂತೆ ವಜ್ರಗಳು ಹತ್ತಿರ ಬಂದು ಹರಳನ್ನು ಒತ್ತುತ್ತವೆ. ಒತ್ತಡ ಎಷ್ಟೆಂದು ಹೇಳಲು ಹರಳಿನ ಪಕ್ಕದಲ್ಲೇ ಮಾಣಿಕ್ಯದ ಒಂದು ಕಣ. ಲೇಸರ್ ಬಿದ್ದರೆ ಮಾಣಿಕ್ಯ ಕೆಂಪಗೆ ಹೊಳೆಯುತ್ತದೆ, ಒತ್ತಡ ಹೆಚ್ಚಿದಂತೆ ಆ ಕೆಂಪು ಒಂದು ಕೂದಲಷ್ಟು ಸರಿಯುತ್ತದೆ, ಅದನ್ನು ಅಳೆಯಬೇಕು. ಒಂದು ಹರಳನ್ನು ಸರಿಯಾಗಿ ಕೂರಿಸಲು ಒಂದು ವಾರ, ಒಡೆದು ಹೋಗಲು ಒಂದು ನಿಮಿಷ. ಒಡೆದಾಗ ಮಾತೃಭಾಷೆಯಲ್ಲಿ ಬೈಯೋಣವೆಂದರೆ ಕೇಳುವವರಿಲ್ಲ. ಕ್ಯಾಂಟೀನಿನಲ್ಲಿ ಕೈ ತೋರಿಸಿ ಊಟ ತೆಗೆದುಕೊಂಡು ಬರುತ್ತಿದ್ದೆ. ಇಡೀ ದಿನ ಬಾಯಿ ತೆರೆಯದೆ ಮಲಗಿದ ದಿನಗಳೂ ಇದ್ದವು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಫೋನ್ ಮಾಡುತ್ತಿದ್ದರು. ಹಿಂದಿನಿಂದ ಪುತ್ತೂರಿನ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಊಟ ಆಯಿತಾ, ಆರೋಗ್ಯವಾ ಎಂಬುದೆಲ್ಲ ಇಲ್ಲ. ತಗಡಿನ ತೂತು ಉರುಟಾಗಿಯೇ ಉಂಟಾ, ಬದಿಗೆ ಒತ್ತಿಕೊಂಡಿಲ್ಲವಾ ಎಂದು ಶುರು. ಒಂದು ಸಲ ಮಾತು ಮುಗಿಸುವಾಗ, ಈ ಮೂರು ತಾಲೂಕಿನಲ್ಲಿ ನನಗೆ ಇದನ್ನು ಮಾತಾಡಲಿಕ್ಕೆ ಜನ ಇಲ್ಲ, ನಿನ್ನ ಹೊತ್ತು ತಿಂದೆ ಎಂದರು. ನನಗೆ ಈ ಊರಿನಲ್ಲೇ ಯಾರೂ ಇಲ್ಲ ಮೇಡಂ ಎಂದು ಹೇಳಬೇಕಿತ್ತು, ಹೇಳಲಿಲ್ಲ.

ಅಲ್ಲಿ ಎರಡನೆಯ ವರ್ಷ ವಿಜ್ಞಾನ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಹುಡುಕುತ್ತಿದ್ದಾಗ ಒಂದು ಲೇಖನ ಸಿಕ್ಕಿತು. ಚಳಿಗೆ ಶ್ರುತಿ ಇಳಿಸುವ ಒಂದು ಹರಳಿನ ಬಗ್ಗೆ. ಬರೆದವರು ಇಬ್ಬರು. ಮೊದಲ ಹೆಸರು ಮೇಡಂದು, ಎರಡನೆಯದು ಅವರ ಗೈಡ್‌ದು. ಖುಷಿಯಿಂದ ಕುರ್ಚಿ ಬಿಟ್ಟು ಎದ್ದೆ. ಪುಟದ ಮೇಲೆ ಆಮೇಲೆ ಸೇರಿಸಿದ ಒಂದು ಸಣ್ಣ ಗುರುತಿತ್ತು. ಅದನ್ನು ಹಿಡಿದು ಹೋದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಮೂರು ಸಾಲು. ನಮ್ಮ ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ. ಹರಳು ತಣ್ಣಗಿದ್ದಾಗಿನ ಒತ್ತಡವನ್ನು ನಾವು ಅಳೆದಿರಲಿಲ್ಲ. ನಮ್ಮ ತೀರ್ಮಾನ ಸರಿಯೋ ತಪ್ಪೋ ನಮಗೆ ಗೊತ್ತಿಲ್ಲ. ಅಷ್ಟೇ.

ಆ ಭಾನುವಾರ ನಾನೇ ಫೋನ್ ಮಾಡಿ ಕೇಳಿದೆ. ಎಲ್ಲ ಬಿಡಿಸಿ ಹೇಳಿದರು. ಅವರ ಕಾಲಕ್ಕೆ ಮಾಣಿಕ್ಯವನ್ನು ನೋಡುವ ಯಂತ್ರ ಇದ್ದದ್ದು ಪಕ್ಕದ ಕೋಣೆಯಲ್ಲಿ. ಆದ್ದರಿಂದ ಹರಳನ್ನು ತಣ್ಣಗೆ ಮಾಡುವ ಮೊದಲು ಒಮ್ಮೆ ಒತ್ತಡ ಅಳೆಯುವುದು, ಮತ್ತೆ ಬೆಚ್ಚಗಾದ ಮೇಲೆ ಒಮ್ಮೆ ಅಳೆಯುವುದು. ಎರಡೂ ಒಂದೇ ಬಂದರೆ ನಡುವೆಯೂ ಅಷ್ಟೇ ಇತ್ತು ಎಂದುಕೊಳ್ಳುವುದು. ಅಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಲೇಖನ ಬಂದ ಮೇಲೆ ಒಂದು ದಿನ ಅವರು ಹಳೆಯ ತಗಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ತೂತು ಒಂದು ಬದಿಗೆ ಕಿರಿದಾಗಿತ್ತು. ಚಳಿಯಲ್ಲಿ ಅಚ್ಚಿನ ಉಕ್ಕು ಕುಗ್ಗಿ ಹರಳನ್ನು ಇನ್ನಷ್ಟು ಹಿಂಡಿತ್ತು, ಬೆಚ್ಚಗಾದಾಗ ಬಿಟ್ಟುಕೊಟ್ಟಿತ್ತು. ಮುಂಚೆ ಮತ್ತು ಆಮೇಲೆ ಅಳೆದದ್ದು ಸರಿಯೇ, ನಡುವಿನದ್ದು ಸುಳ್ಳು. ಆ ಹರಳು ಬರೀ ಹಿಂಡಿದರೂ ಶ್ರುತಿ ಇಳಿಸುವ ಜಾತಿಯದ್ದು. ಹಾಗಾದರೆ ಇಳಿಸಿದ್ದು ಚಳಿಯಾ, ಹಿಂಡಿದ್ದಾ? ಚಳಿಯಲ್ಲೇ ಒತ್ತಡ ಅಳೆಯಲು ಅಲ್ಲಿ ಸಲಕರಣೆ ಇರಲಿಲ್ಲ.

ಗೈಡ್ ಹೇಳಿದ್ದು, ಇಳಿದದ್ದಂತೂ ಚಳಿಗೇ, ಸಂಖ್ಯೆ ಸ್ವಲ್ಪ ಆಚೀಚೆ ಆದೀತು, ಮುಂದಿನ ಲೇಖನದಲ್ಲಿ ತಿದ್ದೋಣ ಎಂದು. ಇವರು ಒಪ್ಪಲಿಲ್ಲ. ಮೂರು ಸಾಲು ಬರೆದು ಅವರ ಮುಂದಿಟ್ಟರು. ಅವರು ಸಹಿ ಹಾಕಿದರು, ಆಮೇಲೆ ಇವರ ಜೊತೆ ಮಾತಾಡಲಿಲ್ಲ. ಥೀಸಿಸ್ಸಿನ ಬುನಾದಿಯೇ ಆ ಲೇಖನ. ಎಂಟು ತಿಂಗಳು ಮಾತಿಲ್ಲದ ಪ್ರಯೋಗಶಾಲೆಯಲ್ಲಿ ಕೂತು, ಒಂದು ದಿನ ಟ್ರಂಕ್ ಕಟ್ಟಿಕೊಂಡು ಸಂಪಾಜೆಗೆ ಬಂದರು.

ನನಗೆ ಯಾರ ಮೇಲೆ ಸಿಟ್ಟು ಬಂತೋ ಗೊತ್ತಿಲ್ಲ, ತಿರುಗಿದ್ದು ಅವರ ಮೇಲೆಯೇ. ನಿಮ್ಮ ಬಾಕಿ ಕೆಲಸ ಮಾಡಿಸಲಿಕ್ಕೆ ನನ್ನನ್ನು ಇಲ್ಲಿಗೆ ಕಳಿಸಿದ್ದಾ ಎಂದುಬಿಟ್ಟೆ. ಇಂದಿಗೂ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅವರು, ಹಾಗೆ ಕಾಣಿಸಿತಾ ನಿನಗೆ ಎಂದು ಕೇಳಿ ಫೋನ್ ಇಟ್ಟರು. ಮೂರು ಭಾನುವಾರ ಫೋನ್ ಬರಲಿಲ್ಲ. ನಾಲ್ಕನೆಯದಕ್ಕೆ ನಾನೇ ಮಾಡಿ, ಆ ಹರಳನ್ನು ನಾನು ನೋಡುತ್ತೇನೆ ಎಂದೆ. ಬೇಡ, ನಿನ್ನ ಥೀಸಿಸ್ ಹಾಳಾದೀತು ಎಂದು ಗದರಿದರು. ನಾನು ಹಟಮಾರಿ, ಕೇಳಲಿಲ್ಲ. ಬೇಡ ಎಂದವರು ಮುಂದಿನ ವಾರದಿಂದ ಫೋನ್ ಎತ್ತಿದ ಕೂಡಲೇ ಕೇಳುತ್ತಿದ್ದದ್ದು ಒಂದೇ, ಎಂತ ಆಯ್ತು ಎಂದು. ಆ ಎರಡು ಪದಗಳಲ್ಲಿ ಎಷ್ಟು ವರ್ಷದ ಆಸೆ ಇತ್ತೆಂದರೆ ನನಗೆ ಹೆದರಿಕೆಯಾಗುತ್ತಿತ್ತು.

ಕೆಲಸ ಸುಲಭದ್ದಾಗಿರಲಿಲ್ಲ. ನಮ್ಮಲ್ಲಿ ತಣ್ಣಗಿರುವಾಗಲೇ ಮಾಣಿಕ್ಯವನ್ನು ನೋಡುವ ವ್ಯವಸ್ಥೆ ಇತ್ತು, ಹೊರಗಿನಿಂದ ಗ್ಯಾಸ್ ತುಂಬಿಸಿ ಒತ್ತಡವನ್ನು ಹೆಚ್ಚುಕಡಿಮೆ ಮಾಡಲೂ ಬರುತ್ತಿತ್ತು. ಆದರೆ ಮಾಣಿಕ್ಯದ ಕೆಂಪು ಚಳಿಗೂ ಸರಿಯುತ್ತದೆ. ಅಷ್ಟನ್ನು ಕಳೆದೇ ಒತ್ತಡ ಹೇಳಬೇಕು. ಒಮ್ಮೆ ಕಳೆಯಲು ಮರೆತು ಒಂದು ತಿಂಗಳ ಲೆಕ್ಕವೆಲ್ಲ ನೀರಿಗೆ ಹೋಯಿತು. ಮರೆತದ್ದನ್ನು ಹಿಡಿದದ್ದು ನಾನಲ್ಲ, ನಾನು ಓದಿ ಹೇಳಿದ ಸಂಖ್ಯೆಗಳನ್ನು ಪುತ್ತೂರಿನಲ್ಲಿ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡ ಮೇಡಂ. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಹರಳು ಒಡೆದವು. ಹತ್ತನೆಯದು ನಿಂತಿತು.

ಅಷ್ಟು ಹೊತ್ತಿಗೆ ಮೇಡಂ ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದರು. ಶ್ವಾಸಕೋಶದ ಕಾಯಿಲೆ. ಸಂಪಾಜೆಯಲ್ಲಿದ್ದ ತಮ್ಮ ಬಂದು, ಪ್ರೆಸ್ಸಿನ ಮೇಲಿನ ಕೋಣೆ ಖಾಲಿ ಮಾಡಿಸಿ ತನ್ನ ಮನೆಗೆ ಕರೆದುಕೊಂಡು ಹೋದರು. ಫೋನಿನಲ್ಲಿ ನಾಲ್ಕು ಮಾತಾಡಿದರೆ ಏದುಸಿರು. ಆದರೂ ಎಂತ ಆಯ್ತು ಎಂದು ಕೇಳುವುದು ತಪ್ಪಲಿಲ್ಲ.

ಹತ್ತನೆಯ ಹರಳಿನಲ್ಲಿ ಉತ್ತರ ಸಿಕ್ಕಿತು. ಒತ್ತಡವನ್ನು ಅಲುಗದಂತೆ ಹಿಡಿದು ಬರೀ ಚಳಿಯನ್ನು ಹೆಚ್ಚಿಸಿದೆ. ಶ್ರುತಿ ಇಳಿಯಿತು. ಮೇಡಂ ಕಂಡದ್ದರ ಅರ್ಧದಷ್ಟು ಮಾತ್ರ, ಆದರೆ ಇಳಿದದ್ದು ಇಳಿದದ್ದೇ. ಎರಡನೆಯ ಸಲ, ಮೂರನೆಯ ಸಲ, ಬೆಚ್ಚಗಾಗುವಾಗ ಒಮ್ಮೆ, ಎಲ್ಲ ಸಲವೂ ಅದೇ. ಅವರು ಹೇಳಿದ್ದು ಸರಿಯಿತ್ತು, ತಪ್ಪಿದ್ದು ಸಂಖ್ಯೆ ಮಾತ್ರ. ನಾನು ಕುಣಿದಾಡಬೇಕಿತ್ತು. ಪರದೆಯ ಮುಂದೆಯೇ ಕೂತುಬಿಟ್ಟೆ. ಯಾಕೆಂದರೆ ಹರಳು ಶ್ರುತಿ ಇಳಿಸದಿದ್ದರೆ ಅವರು ಲೇಖನ ಹಿಂದಕ್ಕೆ ಪಡೆದದ್ದಕ್ಕೆ ಅರ್ಥವಿರುತ್ತಿತ್ತು, ತಪ್ಪನ್ನು ತಡೆದೆ ಎಂಬ ಸಮಾಧಾನವಿರುತ್ತಿತ್ತು. ಈಗ ನೋಡಿದರೆ ಗೈಡ್ ಹೇಳಿದ ಹಾಗೆ ಸಂಖ್ಯೆ ತಿದ್ದಿದ್ದರೆ ಸಾಕಿತ್ತು. ಡಿಗ್ರಿ, ಕೆಲಸ, ಹರಳು, ಜೊತೆಗೆ ನಾಲ್ಕು ಮಾತಾಡುವ ಜನ, ಎಲ್ಲವನ್ನೂ ಅವರು ಸುಮ್ಮನೆ ಕಳೆದುಕೊಂಡಿದ್ದರು. ಇದನ್ನು ಹೋಗಿ ಹೇಳಬೇಕಾದವಳು ನಾನು.

ರೈಲಿಳಿದು, ಪುತ್ತೂರಿನಿಂದ ಸುಳ್ಯಕ್ಕೆ, ಸುಳ್ಯದಿಂದ ಮಡಿಕೇರಿ ಬಸ್ಸಿನಲ್ಲಿ ಸಂಪಾಜೆಗೆ ಹೋದೆ. ಇಡೀ ದಾರಿ ಯೋಚಿಸಿದ್ದು ಒಂದೇ. ಇಳಿಯಲಿಲ್ಲ ಎಂದು ಹೇಳಿಬಿಟ್ಟರೆ? ಒಂದು ಸುಳ್ಳು, ಒಂದೇ ಪದ. ಅವರು ನಿಶ್ಚಿಂತೆಯಿಂದ ಹೋಗುತ್ತಾರೆ. ಮುಂದೆ ಲೇಖನ ಬರುವ ಹೊತ್ತಿಗೆ ಓದಲು ಅವರಿರುವುದಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಲ್ಲುಗುಂಡಿ ದಾಟುವಾಗ ನಾನು ಸುಳ್ಳು ಹೇಳುವುದೆಂದೇ ನಿಶ್ಚಯ ಮಾಡಿದ್ದೆ.

ಮನೆ ಹೆದ್ದಾರಿಯ ಬದಿಗೇ ಇತ್ತು. ಘಟ್ಟ ಹತ್ತುವ ಲಾರಿಗಳು ಅಲ್ಲೇ ಗೇರ್ ಬದಲಿಸುತ್ತಿದ್ದವು. ತಮ್ಮನ ಹೆಂಡತಿ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಮೆಲ್ಲಗೆ, ಅತ್ತಿಗೆ ಮೂರು ದಿನದಿಂದ ನಿಮ್ಮ ದಾರಿಯನ್ನೇ ನೋಡುತ್ತಿದ್ದಾರೆ ಎಂದರು. ಆಮೇಲೆ ಇಷ್ಟು ಹೇಳಿದರು.

"ನನಗೆ ಅದೆಲ್ಲ ಗೊತ್ತಾಗುದಿಲ್ಲ. ಅತ್ತಿಗೆ ಕಂಡದ್ದು ಸರಿ ಉಂಟು ಅಂತ ಒಂದು ಮಾತು ಹೇಳಿಬಿಡಿ. ಪಾಪ, ಅಷ್ಟು ಸಾಕು ಅವರಿಗೆ."

ಯಾವುದು ಅವರಿಗೆ ಸಿಹಿ, ಯಾವುದು ಕಹಿ ಎಂದು ಆ ಮನೆಯಲ್ಲಿ ಯಾರಿಗೆ ವಿವರಿಸುವುದು? ಹೂಂ ಎಂದು ಒಳಗೆ ಹೋದೆ.

ಮೇಡಂ ದಿಂಬಿಗೆ ಒರಗಿ ಕೂತಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಕಣ್ಣು ಮಾತ್ರ ಹಿಂದಿನಂತೆಯೇ ಇತ್ತು. ಆ ಕಣ್ಣು ನನ್ನ ಮುಖದ ಮೇಲೆ ನಿಂತಿತು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಸುಳ್ಳನ್ನು ಹೇಳಲಾಗಲಿಲ್ಲ. ಇಳಿಯುತ್ತದೆ ಮೇಡಂ ಎಂದೆ.

"ಒತ್ತಡ?"

ಅಲುಗಲಿಲ್ಲ, ಚಳಿಯಲ್ಲೇ ನೋಡಿದ್ದು ಎಂದೆ. ಎಷ್ಟು ಎಂದರು. ನೀವು ಕಂಡದ್ದರ ಅರ್ಧ ಎಂದೆ. ಅವರು ಕಣ್ಣು ಮುಚ್ಚಿದರು.

"ಹಾಗಾದ್ರೆ ನಮ್ಮ ಗೈಡ್ ಹೇಳಿದ್ದೇ ಸಮ," ಎಂದರು.

ನನಗೆ ಅಳು ಬಂತು. ನೀವು ಹಿಂದಕ್ಕೆ ಪಡೆಯಬಾರದಿತ್ತು, ಸುಮ್ಮನೆ ನಿಮ್ಮ ಜೀವಮಾನ ಹಾಳಾಯಿತು ಎಂದು ಅಳುತ್ತಲೇ ಬೈದೆ. ಕಾಯಿಲೆಯವರ ಮುಂದೆ ಹೀಗೆ ಅಳಬಾರದೆಂದು ಗೊತ್ತಿತ್ತು. ಅವರು ಉಸಿರು ಒಟ್ಟುಮಾಡಿಕೊಳ್ಳುವವರೆಗೆ ಕೈ ಎತ್ತಿ ನನ್ನನ್ನು ತಡೆದರು. ಮತ್ತೆ ತುಂಡುತುಂಡಾಗಿ ಹೇಳಿದರು.

"ಆಗ ನನಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ಗೊತ್ತುಂಟು ಅಂತ ಬರ್ದಿದ್ದೆ. ನಿನಗೆ ಇವತ್ತು ಗೊತ್ತಾದ್ದನ್ನು ತಂದು ಆಗಿನ ನನ್ನ ಕೈಗೆ ಕೊಡ್ಲಿಕ್ಕೆ ಆಗ್ತದಾ?"

ಅವರು ನಕ್ಕರೆಂದೋ, ಮುಖದಲ್ಲಿ ಶಾಂತಿ ಮೂಡಿತೆಂದೋ ಬರೆಯಬಹುದು. ಹಾಗೆ ಆಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ತಮ್ಮನ ಹೆಂಡತಿ ಗಂಜಿ ತಂದರೆ ಬೇಡವೆಂದರು. ಮಧ್ಯಾಹ್ನದ ಬಸ್ಸಿಗೆ ನಾನು ಹೊರಡುವವರೆಗೂ ಈ ಕಡೆ ತಿರುಗಲಿಲ್ಲ. ಭುಜ ಅಲುಗುತ್ತಿದ್ದದ್ದು ಉಸಿರಿಗೋ, ಅಳುವಿಗೋ, ನಾನು ನೋಡಲು ಹೋಗಲಿಲ್ಲ.

ಐದನೆಯ ದಿನ ಮೇಡಂ ಫೋನ್ ಮಾಡಿದರು. ನಿನ್ನ ಮೇಲೆ ಕೋಪ ಇಲ್ಲ ಎಂದರು. ಎರಡು ದಿನ ಸಂಕಟ ಆಯಿತು, ಈಗ ಇಲ್ಲ, ಹರಳು ನಿಜವಾಗಿ ಶ್ರುತಿ ಇಳಿಸ್ತದಲ್ಲ, ಅದು ಚಂದ ಎಂದರು. ಆಮೇಲೆ ನನ್ನಿಂದ ಒಂದು ಮಾತು ತೆಗೆದುಕೊಂಡರು. ನನ್ನ ಲೇಖನದಲ್ಲಿ ಅವರ ಹಳೆಯ ಲೇಖನವನ್ನು ಎಳೆದು ತರಬಾರದು. ಅಳೆಯದೆ ಬರೆದದ್ದು ಅದು, ಆಕಸ್ಮಿಕವಾಗಿ ಸರಿಯಾಯಿತು ಎಂದು ಅದಕ್ಕೆ ಬೆಲೆ ಬರುವುದಿಲ್ಲ. ಮೊದಲು ಕಂಡವರು ನೀವು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆಗಲಿ ಎಂದೆ. ಅದಾಗಿ ಹನ್ನೊಂದು ದಿನಕ್ಕೆ ತೀರಿಹೋದರು. ಸುದ್ದಿ ತಿಳಿಸಿದ್ದು ಪ್ರೆಸ್ಸಿನ ಯಜಮಾನರು. ನನಗೆ ಹೋಗಲಾಗಲಿಲ್ಲ. ಕಾಲೇಜಿನಲ್ಲಿ ಒಂದು ನಿಮಿಷ ಮೌನ ಇಟ್ಟರಂತೆ. ಮಾತಾಡಿದವರೊಬ್ಬರು ಅವರು ಪಿಎಚ್‌ಡಿ ಅರ್ಧಕ್ಕೆ ಬಿಟ್ಟದ್ದನ್ನೂ ನೆನಪಿಸಿದರಂತೆ.

ಮರುವರ್ಷ ನನ್ನ ಲೇಖನವನ್ನು ಒಂದು ಪತ್ರಿಕೆಗೆ ಕಳಿಸಿದೆ. ಪರಿಶೀಲಿಸಿದ ತಜ್ಞರು ಎಲ್ಲ ಒಪ್ಪಿ ಒಂದೇ ಪ್ರಶ್ನೆ ಕೇಳಿದ್ದರು. ಈ ಬದಲಾವಣೆಯನ್ನು ಇದಕ್ಕೆ ಮೊದಲು ಯಾರಾದರೂ ಕಂಡಿದ್ದಾರೆಯೇ? ಇಲ್ಲ ಎಂದು ಬರೆದರೆ ಮೇಡಂಗೆ ಕೊಟ್ಟ ಮಾತು ಉಳಿಯುತ್ತಿತ್ತು, ನನಗೂ ಒಂದು ಗರಿ ಸಿಗುತ್ತಿತ್ತು. ನನ್ನ ಗೈಡ್ ಕೂಡ ಹಿಂದಕ್ಕೆ ಪಡೆದ ಲೇಖನವನ್ನು ಯಾರೂ ಉಲ್ಲೇಖಿಸುವುದಿಲ್ಲ, ಇಲ್ಲ ಎಂದೇ ಬರೆ ಎಂದರು. ನಾಲ್ಕು ದಿನ ಆ ಎರಡು ಅಕ್ಷರ ಬರೆಯಲು ಕೂತೆ, ಕೈ ಬರಲಿಲ್ಲ.

ಕೊನೆಗೆ ಬರೆದದ್ದು ಹೀಗೆ. ಕಂಡಿದ್ದಾರೆ. ತಣ್ಣಗಿದ್ದಾಗಿನ ಒತ್ತಡ ಅಳೆದಿರಲಿಲ್ಲವಾದ್ದರಿಂದ ತಮಗೆ ಗೊತ್ತಿಲ್ಲ ಎಂದು ಹೇಳಿದ್ದಾರೆ. ಕೆಳಗೆ ಉಲ್ಲೇಖವಾಗಿ ಕೊಟ್ಟದ್ದು ಅವರ ಲೇಖನವನ್ನಲ್ಲ, ಆ ಮೂರು ಸಾಲನ್ನು. ಪತ್ರಿಕೆಯವರು ಇದು ಏನೋ ಕಣ್ತಪ್ಪು ಇರಬೇಕೆಂದು ಎರಡು ಸಲ ಕೇಳಿದರು. ಕಣ್ತಪ್ಪಲ್ಲ, ಹಾಗೆಯೇ ಇರಲಿ ಎಂದೆ. ಈಗ ಅಚ್ಚಾಗಿದೆ, ಹದಿನಾರನೆಯ ಉಲ್ಲೇಖ. ಲೇಖನ ತರಬೇಡ ಎಂದಿದ್ದರು, ಆ ಮೂರು ಸಾಲನ್ನು ತರಬೇಡ ಎಂದಿರಲಿಲ್ಲ ಎಂದು ನನ್ನೊಳಗೇ ವಾದ ಹೂಡಿ ಗೆದ್ದಿದ್ದೇನೆ. ಅವರ ಮುಂದೆ ಈ ವಾದ ಎರಡು ನಿಮಿಷ ನಿಲ್ಲುತ್ತಿರಲಿಲ್ಲ, ಚೆನ್ನಾಗಿ ಬೈಯುತ್ತಿದ್ದರು. ಆ ಬೈಗುಳ ಒಮ್ಮೆ ಕೇಳಬೇಕೆಂದು ಈಗ ಎಷ್ಟು ಆಸೆಯಾಗುತ್ತದೆ ಎಂದು ಯಾರ ಹತ್ತಿರ ಹೇಳಲಿ?